ಒಂದು ಸೀಸೆ, ಮೂರು ಅಂತೆ

ಹರಿಹರದಿಂದ ದೊಡ್ಡಮ್ಮನ ಫೋನು ಬಂದಾಗ ಇನ್ನೂ ಆರು ಗಂಟೆ. ನಿದ್ದೆ ಬಾರದವರಿಗೆ ಬೆಳಗು ಬೇಗ ಆಗುತ್ತದೆ.

“ಎದ್ದೀಯೇನಪ್ಪ? ವಾಟ್ಸಾಪಿಗೆ ಒಂದು ಫೋಟೋ ಹಾಕೀನಿ, ನೋಡು. ನಮ್ ಮೊಮ್ಮಗ ದಸರಾಕ್ಕೆ ಫಾರಿನ್ನಿಂದ ಬರೋವಾಗ ಇದನ್ನ ತರ್ತೀನಿ ಅಂತಾನೆ. ಗಿಡದ್ದಂತೆ. ನಿದ್ದೆ ಬರುತ್ತಂತೆ. ಏನೂ ಆಗಲ್ವಂತೆ. ತರ್ಲೋ ಬ್ಯಾಡ್ವೋ ನೀನೇ ಹೇಳು.”

ಒಂದೇ ಉಸಿರಿಗೆ ಮೂರು ‘ಅಂತೆ’. ಕನ್ನಡದ ಈ ಪುಟ್ಟ ಪದದ ಮೇಲೆ ನನಗೆ ಬಹಳ ಗೌರವ. ಈ ಮಾತು ನನ್ನದಲ್ಲ, ಯಾರೋ ಹೇಳಿದ್ದು, ಅದಕ್ಕೆ ನಾನು ಹೊಣೆಯಲ್ಲ ಎಂಬುದನ್ನೆಲ್ಲ ಎರಡೇ ಅಕ್ಷರದಲ್ಲಿ ಮುಗಿಸಿಬಿಡುತ್ತದೆ. ಸೀಸೆಗೆ ಅಂಟಿಸಿದ್ದ ಲೇಬಲ್ಲಿಗೆ ಅಷ್ಟು ಪ್ರಾಮಾಣಿಕತೆ ಇರಲಿಲ್ಲ. ಕಂದು ಬಣ್ಣದ ಸೀಸೆ, ಮೇಲೊಂದು ಅರ್ಧಚಂದ್ರ, ಪಕ್ಕದಲ್ಲಿ ಬೆರಳು ಬಿಡಿಸಿದಂಥ ಎಲೆ. ಫೋಟೋ ಹಿಗ್ಗಿಸಿ ಓದಿದೆ: ‘ಹೆಂಪ್‌ನಿಂದ ತೆಗೆದದ್ದು. ಸಿಬಿಎನ್ 10 ಮಿಲಿಗ್ರಾಂ. ಟಿಎಚ್‌ಸಿ ಶೇ. 0.3ಕ್ಕಿಂತ ಕಡಿಮೆ. 30 ಗಮ್ಮಿಗಳು, ಒಂದೊಂದು 4 ಗ್ರಾಂ.’ ಗಮ್ಮಿ ಎಂದರೆ ಮಕ್ಕಳು ಜಗಿಯುವ ಜೆಲ್ಲಿ ಮಿಠಾಯಿ.

ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಹಿಂದೆ ಹೃದಯದ ಕವಾಟ ಬದಲಿಸಿದ್ದರಿಂದ ರಕ್ತ ಹೆಪ್ಪುಗಟ್ಟದಿರಲು ದಿನವೂ ವಾರ್ಫರಿನ್ ನುಂಗಬೇಕು. ಅದರ ಜೊತೆಗೆ ಬಿಪಿಗೊಂದು, ಕಾಲಿನ ಬಾವಿಗೆ ಮೂತ್ರ ಹೆಚ್ಚಿಸುವ ‘ನೀರಿನ ಗುಳಿಗೆ’ ಒಂದು. ತಿಂಗಳಿಗೊಮ್ಮೆ ಬಸ್ಸು ಹತ್ತಿ ದಾವಣಗೆರೆಗೆ ಬರುತ್ತಾರೆ. ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸಿ, ವಾಪಸ್ ಹೋಗುವಾಗ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಪುಂಡಿ ಸೊಪ್ಪು ಕೊಳ್ಳುತ್ತಾರೆ. ಈ ಅಧ್ಯಾಯಕ್ಕೆ ಆ ಸೊಪ್ಪಿನ ಕಟ್ಟೂ ಬೇಕು.

ಮೂರು ಅಂತೆಗಳನ್ನೂ ಒಂದೊಂದಾಗಿ ಬಿಚ್ಚಿ ನೋಡೋಣ.

ಗಿಡದ್ದಂತೆ

ಯಾವ ಗಿಡ? ‘ಹೆಂಪ್’ ಎಂಬ ಪದವನ್ನು ಇಂಗ್ಲಿಷಿನವರು ನಾರು ಬಿಡುವ ಗಿಡಕ್ಕೆಲ್ಲ ಹಚ್ಚಿಬಿಟ್ಟಿದ್ದಾರೆ. ಭದ್ರಾ ನಾಲೆಯ ನೀರು ಬರುವ ಮೊದಲು ನಮ್ಮ ಕಡೆಯ ಭತ್ತದ ಗದ್ದೆಗೆ ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಚೆಲ್ಲುತ್ತಾರಲ್ಲ, ಅದು ಅವರಿಗೆ ‘ಸನ್ ಹೆಂಪ್’. ಹಳದಿ ಹೂವಿನ ಆ ಗಿಡ ಅವರೆ, ತೊಗರಿಗಳ ಬಳಗದ್ದು. ದೊಡ್ಡಮ್ಮ ಕೊಳ್ಳುವ ಪುಂಡಿ ಅವರಿಗೆ ‘ಡೆಕ್ಕನ್ ಹೆಂಪ್’. ಅದು ದಾಸವಾಳದ ಕುಲ, ಸಸ್ಯಶಾಸ್ತ್ರದ ಹೆಸರು ‘ಹೈಬಿಸ್ಕಸ್ ಕ್ಯಾನಬಿನಸ್’. ಎಲೆ ನೋಡಲು ಭಂಗಿ ಎಲೆಯ ಹಾಗಿದೆ ಎಂಬ ಒಂದೇ ಕಾರಣಕ್ಕೆ ‘ಕ್ಯಾನಬಿನಸ್’ ಅಂಟಿಕೊಂಡಿತು. ಪುಂಡಿ ಪಲ್ಯ ತಿಂದು ಯಾರೂ ತೂರಾಡುವುದಿಲ್ಲ, ಅದರ ಹುಳಿಗೆ ಹಲ್ಲು ಚುಳ್ಳೆನ್ನಬಹುದು ಅಷ್ಟೆ.

ಸೀಸೆಯ ಮೇಲಿದ್ದದ್ದು ಮೂರನೆಯ ಹೆಂಪ್, ನಮ್ಮ ಹಿರಿಯರು ಭಂಗಿ ಸೊಪ್ಪು ಎನ್ನುತ್ತಿದ್ದ ಕ್ಯಾನಬಿಸ್. ಗಾಂಜಾ ಮತ್ತು ಈ ‘ಕೈಗಾರಿಕಾ ಹೆಂಪ್’ ಎರಡೂ ಒಂದೇ ಜಾತಿಯ ಗಿಡ, ತಳಿ ಮಾತ್ರ ಬೇರೆ. ಅಮಲು ತರಿಸುವ ಟಿಎಚ್‌ಸಿ ಒಣತೂಕದ ಶೇ. 0.3 ದಾಟದಿದ್ದರೆ ಹೆಂಪ್, ದಾಟಿದರೆ ಗಾಂಜಾ ಎಂದು ಅಮೆರಿಕ 2018ರ ಕೃಷಿ ಕಾಯ್ದೆಯಲ್ಲಿ ಗೆರೆ ಎಳೆಯಿತು. ಅದೇ ವರ್ಷ ನಮ್ಮ ಉತ್ತರಾಖಂಡವೂ ನಾರು–ಬೀಜಕ್ಕಾಗಿ ಇಂಥ ಹೆಂಪ್ ಬೆಳೆಯಲು ಪರವಾನಗಿ ಕೊಟ್ಟಿತು. ಗೆರೆ ಎಳೆದವರು ಮನುಷ್ಯರು. ಗಿಡಕ್ಕೆ ಅದರ ಪರಿವೆ ಇಲ್ಲ.

ಹೆಣ್ಣು ಹೂವಿನ ಸುತ್ತ, ಕಣ್ಣಿಗೆ ಇಬ್ಬನಿ ಕೂತಂತೆ ಕಾಣುವ ಸಣ್ಣ ಅಂಟುಗೂದಲುಗಳಿವೆ. ಗಿಡದ ಪಾಕಶಾಲೆ ಅಲ್ಲಿದೆ. ಅಲ್ಲಿ ತಯಾರಾಗುವ ನೂರಕ್ಕೂ ಹೆಚ್ಚು ಅಣುಗಳಿಗೆ ಒಟ್ಟಾಗಿ ಕ್ಯಾನಬಿನಾಯ್ಡ್ ಎಂದು ಹೆಸರು. ಮೊದಲು ಒಂದು ತಾಯಿ ಅಣು ಹುಟ್ಟುತ್ತದೆ, ಅದರ ಹೆಸರು ಕ್ಯಾನಬಿಜೆರಾಲಿಕ್ ಆಮ್ಲ. ಮೂರು ಬೇರೆ ಬೇರೆ ಕಿಣ್ವಗಳು ಅದನ್ನು ಎತ್ತಿಕೊಂಡು ಮೂರು ರೀತಿ ಮಡಚುತ್ತವೆ. ಒಂದರಿಂದ ಟಿಎಚ್‌ಸಿ ಆಮ್ಲ, ಇನ್ನೊಂದರಿಂದ ಸಿಬಿಡಿ ಆಮ್ಲ, ಮತ್ತೊಂದರಿಂದ ಸಿಬಿಸಿ ಆಮ್ಲ. ಯಾವ ಕಿಣ್ವದ ಕೈ ಮೇಲಾಗುತ್ತದೋ ಅದರ ಮೇಲೆ ತಳಿಯ ಗುಣ.

ಹಸಿ ಗಿಡದಲ್ಲಿರುವುದೆಲ್ಲ ಆಮ್ಲ ರೂಪ, ಅಮಲು ಇಲ್ಲವೆನ್ನುವಷ್ಟು ಕಡಿಮೆ. ಬಿಸಿ ತಾಗಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ನಿಂತವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾದ ಮರಳಿಗೆ ಬಿದ್ದ ಅಕ್ಕಿ ಒಳಗಿನ ನೀರನ್ನು ಆವಿಯಾಗಿ ಬಿಟ್ಟು ಕ್ಷಣದಲ್ಲಿ ಬೇರೆಯೇ ವಸ್ತುವಾಗುತ್ತದೆ. ಟಿಎಚ್‌ಸಿ ಆಮ್ಲ ಹಾಗೆಯೇ ಕಾವಿಗೆ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಟಿಎಚ್‌ಸಿ ಆಗುತ್ತದೆ. ಚಿಲುಮೆಯ ಬೆಂಕಿ ಮಾಡುವ ಕೆಲಸ ಅದು.

ಇಷ್ಟರಲ್ಲಿ ಸಿಬಿಎನ್ ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ? ಕ್ಯಾನಬಿನಾಲ್ ಎಂಬುದು ಅದರ ಪೂರ್ಣ ಹೆಸರು. ಗಿಡದ ಪಾಕಶಾಲೆಯಲ್ಲಿ ಅದನ್ನು ಮಾಡುವ ಕಿಣ್ವವೇ ಇಲ್ಲ. ಅದು ಹುಟ್ಟುವುದು ಕೊಯ್ದ ಮೇಲೆ, ಮೂಟೆಯಲ್ಲಿ. ಶೇಂಗಾ ಎಣ್ಣೆಯನ್ನು ಬಿಸಿಲು ಬೀಳುವ ಕಡೆ ಮುಚ್ಚಳ ತೆಗೆದಿಟ್ಟರೆ ಕಮಟು ಹಿಡಿಯುತ್ತದಲ್ಲ, ಅದೇ ಗಾಳಿ, ಅದೇ ಬೆಳಕು ಟಿಎಚ್‌ಸಿಯನ್ನೂ ಕೆಡಿಸುತ್ತವೆ. ಹಾಗೆ ಕೆಟ್ಟ ಟಿಎಚ್‌ಸಿಯೇ ಸಿಬಿಎನ್.

ಲೆಕ್ಕ ಹಾಕಿದರೆ ಇದು ಹೈಡ್ರೋಜನ್ನಿನ ಆಟ. ಟಿಎಚ್‌ಸಿಯಲ್ಲಿ 21 ಕಾರ್ಬನ್, 30 ಹೈಡ್ರೋಜನ್, 2 ಆಕ್ಸಿಜನ್. ಸಿಬಿಎನ್‌ನಲ್ಲಿ ಕಾರ್ಬನ್ ಅಷ್ಟೇ, ಆಕ್ಸಿಜನ್ ಅಷ್ಟೇ, ಹೈಡ್ರೋಜನ್ ಮಾತ್ರ 26. ವರ್ಷ ಕಳೆದಂತೆ ನಾಲ್ಕು ಉದುರಿಹೋಗಿವೆ, ಉಳಿದ ಉಂಗುರ ಚಪ್ಪಟೆಯಾಗಿ ಗಟ್ಟಿಯಾಗಿದೆ. ಸಿಬಿಡಿಯ ಲೆಕ್ಕ ಕೇಳಿದರೆ ಇನ್ನೂ ಸೋಜಿಗ: ಅಲ್ಲಿಯೂ 21, 30, 2. ಟಿಎಚ್‌ಸಿಯ ಲೆಕ್ಕವೇ, ಒಂದು ಉಂಗುರ ಮಾತ್ರ ಬಿಚ್ಚಿಕೊಂಡಿದೆ, ಅಷ್ಟಕ್ಕೇ ಅಮಲು ಮಾಯ. ಹರಿಹರೇಶ್ವರನ ಗುಡಿಯಲ್ಲಿ ಕಲ್ಲು ಒಂದೇ, ಒಂದು ಪಾರ್ಶ್ವ ಹರಿ, ಇನ್ನೊಂದು ಹರ. ರಸಾಯನಶಾಸ್ತ್ರದಲ್ಲೂ ಹೀಗೆಯೇ, ಎಷ್ಟು ಪರಮಾಣು ಎಂಬುದಕ್ಕಿಂತ ಹೇಗೆ ಕೂತಿವೆ ಎಂಬುದು ದೊಡ್ಡ ಮಾತು.

ಹಳೆಯ ಗಾಂಜಾ ಸತ್ವ ಕಳೆದುಕೊಳ್ಳುತ್ತದೆ ಎಂಬುದು ವ್ಯಾಪಾರಿಗಳಿಗೆ ಎಂದಿನಿಂದಲೂ ಗೊತ್ತು. ಎಷ್ಟು ಕಳೆದುಕೊಳ್ಳುತ್ತದೆ ಎಂದು ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದವರು ಕೋಣೆಯ ಉಷ್ಣತೆಯಲ್ಲಿಟ್ಟ ಗಾಂಜಾವನ್ನು ವರ್ಷಗಟ್ಟಲೆ ಅಳೆದರು. ಮೊದಲ ವರ್ಷಕ್ಕೆ ಟಿಎಚ್‌ಸಿಯಲ್ಲಿ ನೂರಕ್ಕೆ ಸುಮಾರು 17 ಪಾಲು ಹೋಗಿತ್ತು, ಎರಡಕ್ಕೆ 27, ಮೂರಕ್ಕೆ 35, ನಾಲ್ಕಕ್ಕೆ 41. ಸಿಬಿಎನ್ ಅದಕ್ಕೆ ತಕ್ಕಂತೆ ಏರಿತ್ತು. ಇವೆರಡರ ಅನುಪಾತ ನೋಡಿ ಮಾಲು ಎಷ್ಟು ಹಳೆಯದು ಎಂದು ಅಂದಾಜು ಹೇಳಬಹುದು.

ದಾವಣಗೆರೆಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಪೊಲೀಸರು ಹಿಡಿದ ಹಸಿರುಕಂದು ಪುಡಿ ನಿಜಕ್ಕೂ ಗಾಂಜಾವೇ ಎಂದು ತೀರ್ಮಾನವಾಗುವುದು ಇಂಥ ಕಡೆ. ಜಗತ್ತಿನ ಇಂಥ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಒಂದು ಅಗ್ಗದ ವಿಧಾನವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಅಂಗೈ ಗಾತ್ರದ ಗಾಜಿನ ಹಲಗೆಗೆ ಸಿಲಿಕಾದ ಬಿಳಿ ಲೇಪ. ಬುಡದಲ್ಲಿ ಗುಂಡುಸೂಜಿ ತಲೆಯಷ್ಟು ಮಾದರಿಯ ಚುಕ್ಕೆ. ಹಲಗೆಯ ಅಂಚನ್ನು ದ್ರಾವಕದಲ್ಲಿ ನಿಲ್ಲಿಸಿದರೆ, ಪಂಚೆಯ ಅಂಚು ನೀರಿಗೆ ತಾಗಿದಾಗ ಒದ್ದೆ ಮೇಲೇರುತ್ತದಲ್ಲ, ಹಾಗೆ ದ್ರಾವಕ ಏರುತ್ತ ಒಂದೊಂದು ಅಣುವನ್ನು ಒಂದೊಂದು ಎತ್ತರಕ್ಕೆ ಬಿಟ್ಟುಹೋಗುತ್ತದೆ. ಹಲಗೆ ಆರಿದ ಮೇಲೂ ಕಣ್ಣಿಗೆ ಏನೂ ಕಾಣದು. ‘ಫಾಸ್ಟ್ ಬ್ಲೂ ಬಿ’ ಎಂಬ ಬಣ್ಣದ ದ್ರಾವಣ ಸಿಂಪಡಿಸಿದ ಕೂಡಲೇ ಚುಕ್ಕೆಗಳು ಎದ್ದು ನಿಲ್ಲುತ್ತವೆ. ಟಿಎಚ್‌ಸಿ ಕೆಂಪು, ಸಿಬಿಡಿ ಕಿತ್ತಳೆ, ಸಿಬಿಎನ್ ನೇರಳೆ. ಮಾಲು ಹಳೆಯದಾದಷ್ಟೂ ನೇರಳೆ ದಟ್ಟ.

ವಿಜ್ಞಾನಕ್ಕೆ ಈ ಕುಟುಂಬದಲ್ಲಿ ಮೊದಲು ಸಿಕ್ಕಿದ್ದೂ ಇದೇ ನೇರಳೆ ಚುಕ್ಕೆಯವನು. 1890ರ ದಶಕದಲ್ಲಿ ಕೇಂಬ್ರಿಜ್‌ನ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಎಂಬ ಮೂವರು ಭಾರತದ ಚರಸ್‌ನಿಂದ ಅದನ್ನು ಬೇರ್ಪಡಿಸಿ ಕ್ಯಾನಬಿನಾಲ್ ಎಂದು ಕರೆದರು, ಅಮಲಿನ ಮೂಲ ಕೈಗೆ ಸಿಕ್ಕಿತೆಂದೂ ನಂಬಿದರು. ಅದೇ ಹೊತ್ತಿಗೆ, 1893–94ರಲ್ಲಿ, ಬ್ರಿಟಿಷ್ ಸರ್ಕಾರದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಊರೂರು ಸುತ್ತಿ 1,193 ಸಾಕ್ಷಿಗಳನ್ನು ಕೇಳಿ, ಮಿತವಾಗಿ ಬಳಸಿದರೆ ಹಾನಿ ಹೆಚ್ಚಿಲ್ಲ, ಅತಿಯಾದರೆ ಕೇಡು ಎಂದು ಬರೆಯಿತು. ನಿಜವಾದ ಅಮಲುಗಾರ ಟಿಎಚ್‌ಸಿ ಹರಳುಗಟ್ಟದ ಅಂಟು, ರಸಾಯನಜ್ಞರ ಕೈಗೆ ಜಾರುತ್ತಲೇ ಹೋಯಿತು. 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೊನಿ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ಬೇಕಾದ ಐದು ಕಿಲೋ ಹಶೀಶನ್ನು ಮೆಕೂಲಮ್ ಪೊಲೀಸರಿಂದಲೇ ಪಡೆದು ಬಸ್ಸಿನಲ್ಲಿ ಹೊತ್ತು ತಂದಿದ್ದರು. ಏನಿದು ವಾಸನೆ ಎಂದು ಪ್ರಯಾಣಿಕರು ಮೂಗರಳಿಸಿದರಂತೆ. ಟಿಎಚ್‌ಸಿ ಸಿಕ್ಕ ಮೇಲೆ ಕ್ಯಾನಬಿನಾಲ್ ಮೂಲೆ ಸೇರಿತು, ಐವತ್ತು ವರ್ಷ ಅದನ್ನು ಕೇಳುವವರು ವಿರಳ.

ಈಗ ಕೇಳುವವರಿದ್ದಾರೆ. ಮಾರುಕಟ್ಟೆಗೆ ಬೇಕಾದಷ್ಟು ಸಿಬಿಎನ್ ಮೂಟೆಯಲ್ಲಿ ಹಳಸುವವರೆಗೆ ಕಾಯಲು ಯಾರಿಗೂ ಪುರುಸೊತ್ತಿಲ್ಲ. ಹೇರಳವಾಗಿ, ಅಗ್ಗಕ್ಕೆ ಸಿಗುವ ಸಿಬಿಡಿಯನ್ನು ಕಾರ್ಖಾನೆಯಲ್ಲಿ ರಾಸಾಯನಿಕ ಹಾಕಿ ಪರಿವರ್ತಿಸುತ್ತಾರೆ. ದಾರಿಯಲ್ಲಿ ಟಿಎಚ್‌ಸಿಯ ನಾನಾ ರೂಪಗಳು ಹುಟ್ಟುತ್ತವೆ. ಕೊನೆಯಲ್ಲಿ ಸರಿಯಾಗಿ ಶುದ್ಧಿ ಮಾಡದಿದ್ದರೆ ಅವೂ, ದ್ರಾವಕದ ಉಳಿಕೆಯೂ ಮಿಠಾಯಿಗೆ ಬರುತ್ತವೆ. ಆದ್ದರಿಂದ ‘ಗಿಡದ್ದಂತೆ’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಬೆಲ್ಲದಿಂದ ಬಟ್ಟಿ ಇಳಿಸಿದ ಸಾರಾಯಿಯೂ ಕಬ್ಬಿನದ್ದೇ.

ನಿದ್ದೆ ಬರುತ್ತಂತೆ

ನಮ್ಮ ಮಿದುಳಿನ ನರಕೋಶಗಳ ಮೇಲೆ ಸಿಬಿ1 ಎಂಬ ಗ್ರಾಹಿಗಳಿವೆ. ಅವು ಗಾಂಜಾಕ್ಕಾಗಿ ಕಾದು ಕೂತವಲ್ಲ, ಹಸಿವು, ನೋವು, ನೆನಪು, ನಿದ್ದೆಗಳ ಹದ ಕಾಯಲು ದೇಹವೇ ತಯಾರಿಸುವ ಅಣುವಿಗಾಗಿ ಇರುವವು. 1992ರಲ್ಲಿ ಮೆಕೂಲಮ್ ಅವರ ಪ್ರಯೋಗಾಲಯದಲ್ಲಿ ಆ ಅಣು ಸಿಕ್ಕಿತು. ಕಂಡುಹಿಡಿದವರು ಸಂಸ್ಕೃತದ ‘ಆನಂದ’ವನ್ನೇ ಎರವಲು ಪಡೆದು ‘ಆನಂದಮೈಡ್’ ಎಂದು ಹೆಸರಿಟ್ಟರು. ಟಿಎಚ್‌ಸಿ ಆ ಬೀಗಕ್ಕೆ ಹೊರಗಿನಿಂದ ಬಂದ ಕಳ್ಳಕೀಲಿ. ನಾಲ್ಕು ಹೈಡ್ರೋಜನ್ ಕಳೆದುಕೊಂಡ ಸಿಬಿಎನ್ ಸವೆದ ಕೀಲಿ. ಬೀಗಕ್ಕೆ ಹೋಗುತ್ತದೆ, ಆದರೆ ತಿರುವುವ ಬಲ ಟಿಎಚ್‌ಸಿಯ ಸುಮಾರು ಹತ್ತನೇ ಒಂದು ಪಾಲು. ಅಂದರೆ ಅಮಲು ‘ಇಲ್ಲ’ ಎಂಬುದೂ ಸರಿಯಲ್ಲ, ಕಡಿಮೆ ಎನ್ನಬೇಕು. ಹತ್ತು ಪಟ್ಟು ತಿಂದವರಿಗೆ ಆ ‘ಕಡಿಮೆ’ಯೂ ಸಾಕಾಗಬಹುದು.

ನಿದ್ದೆಯ ಕಥೆ ಶುರುವಾದದ್ದು ಸೇದುವವರ ಬಾಯಿಂದ. ಹಳೇ ಮಾಲು ಜೋಂಪು ಹತ್ತಿಸುತ್ತದೆ, ಹಳೇ ಮಾಲಿನಲ್ಲಿ ಸಿಬಿಎನ್ ಹೆಚ್ಚು, ಆದ್ದರಿಂದ ಸಿಬಿಎನ್ ನಿದ್ದೆ ಅಣು. ಕೇಳಲು ತರ್ಕಬದ್ಧ. ಆದರೆ ನಾಲ್ಕು ವರ್ಷ ಹಳಸಿದ ಗಾಂಜಾದಲ್ಲೂ ಅರ್ಧಕ್ಕಿಂತ ಹೆಚ್ಚು ಟಿಎಚ್‌ಸಿ ಉಳಿದಿರುತ್ತದೆ ಎಂದು ಈಗಷ್ಟೇ ನೋಡಿದೆವು. ಜೋಂಪು ಯಾರ ಕೈಚಳಕ?

1975ರಲ್ಲಿ ಬ್ರೆಜಿಲ್‌ನ ಸಂಶೋಧಕರು ಇದನ್ನೇ ಕೇಳಿದರು. ಐವರು ಗಂಡಸರಿಗೆ ಒಂದು ದಿನ 50 ಮಿಲಿಗ್ರಾಂ ಸಿಬಿಎನ್, ಇನ್ನೊಂದು ದಿನ ಟಿಎಚ್‌ಸಿ, ಮತ್ತೊಂದು ದಿನ ಎರಡೂ ಕೂಡಿಸಿ ಕೊಟ್ಟರು. ಸಿಬಿಎನ್ ಒಂದನ್ನೇ ನುಂಗಿದ ದಿನ ವಿಶೇಷವೇನೂ ಆಗಲಿಲ್ಲ. ಎರಡೂ ಸೇರಿದಾಗ ಮಂಪರು, ತಲೆಸುತ್ತು ಹೆಚ್ಚಾಯಿತು. ನಂತರದ ನಾಲ್ಕೂವರೆ ದಶಕದಲ್ಲಿ ಇದರ ಮೇಲೆ ಬಂದ ಕೆಲಸ ಎಷ್ಟು ಕಡಿಮೆ ಎಂದರೆ, 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಎಲ್ಲವನ್ನೂ ಒಟ್ಟುಮಾಡಿ, ನಿದ್ದೆಯ ಮಾತಿಗೆ ಪುರಾವೆ ಸಾಲದು ಎಂದುಬಿಟ್ಟಿತು. 2023ರಲ್ಲಿ ನಿದ್ದೆ ಸರಿಯಿಲ್ಲ ಎಂದುಕೊಂಡಿದ್ದ ಸುಮಾರು ಮುನ್ನೂರು ಮಂದಿಯ ಮೇಲೆ, ಯಾರಿಗೆ ಯಾವುದು ಎಂದು ಹೇಳದೆ ನಡೆದ ಪರೀಕ್ಷೆಯಲ್ಲಿ 20 ಮಿಲಿಗ್ರಾಂ ಸಿಬಿಎನ್ ಏಳು ರಾತ್ರಿ ಕೊಟ್ಟರು. ನಿದ್ದೆ ಬೇಗ ಹತ್ತಲಿಲ್ಲ, ನಡುರಾತ್ರಿಯ ಎಚ್ಚರಗಳು ಮಾತ್ರ ಸ್ವಲ್ಪ ಕಡಿಮೆಯಾದವು. 2024ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಇಲಿಗಳ ಮಿದುಳಿನ ಅಲೆ ಅಳೆದು ನಿದ್ದೆ ಹೆಚ್ಚಿದ್ದನ್ನು ತೋರಿಸಿದರು. ಯಕೃತ್ತು ಸಿಬಿಎನ್ ಅನ್ನು ಒಡೆದಾಗ ಬರುವ ಇನ್ನೊಂದು ಅಣುವಿಗೂ ಅದರಲ್ಲಿ ಕೈ ಇದೆ ಎಂದರು.

ಆದ್ದರಿಂದ ಎರಡನೆಯ ಅಂತೆಯ ಹಿಂದೆ ಏನೋ ಇದೆ. ಇಲಿಯಲ್ಲಿ ಸ್ಪಷ್ಟ, ಮನುಷ್ಯರಲ್ಲಿ ಮಸುಕು, ಅದೂ ಏಳು ರಾತ್ರಿಯ ಮಟ್ಟಿಗೆ. ಎಪ್ಪತ್ತು ದಾಟಿದ, ದಿನಕ್ಕೆ ಮೂರು ಗುಳಿಗೆ ನುಂಗುವ ಹೆಂಗಸಿಗೆ ವರ್ಷವಿಡೀ ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಈ ಯಾವ ಪ್ರಯೋಗದ ಮುಂದೆಯೂ ಇರಲಿಲ್ಲ.

ಏನೂ ಆಗಲ್ವಂತೆ

ಮೂರನೆಯ ಅಂತೆಗೆ ಪೆನ್ನು, ಹಾಳೆ ಬೇಕು.

ಶೇ. 0.3 ಎಂದರೆ ಕಿವಿಗೆ ಬಲು ಸಣ್ಣ ಸಂಖ್ಯೆ. ಒಣ ಸೊಪ್ಪಿಗೆ ಎಳೆದ ಗೆರೆ ಅದು. ಅದೇ ಗೆರೆಯನ್ನು ಮಿಠಾಯಿಗೆ ತಂದು ಹಚ್ಚಿದರೆ? 4 ಗ್ರಾಂ ಎಂದರೆ 4,000 ಮಿಲಿಗ್ರಾಂ, ಅದರ ಶೇ. 0.3 ಎಂದರೆ 12 ಮಿಲಿಗ್ರಾಂ. ಗಾಂಜಾ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಮೊದಲ ಸಲ ತಿನ್ನುವವರಿಗೆ ಎರಡೂವರೆಯಿಂದ ಐದು ಮಿಲಿಗ್ರಾಂ ಟಿಎಚ್‌ಸಿ ಸಾಕು ಎನ್ನುತ್ತಾರೆ. ‘ಅಮಲಿಲ್ಲದ ಹೆಂಪ್’ ಎಂಬ ಹಣೆಪಟ್ಟಿಯ ಕೆಳಗೆ ಆ ಪ್ರಮಾಣದ ಎರಡು ಪಟ್ಟಿಗೂ ಮೀರಿ ಕೂರಲು ಜಾಗವಿದೆ. ಈ ಸಂದು ಅಮೆರಿಕಕ್ಕೆ ತಡವಾಗಿ ಕಂಡಿತು. 2025ರ ನವೆಂಬರಿನಲ್ಲಿ ಮಾಡಿದ ತಿದ್ದುಪಡಿ ಒಂದು ಇಡೀ ಡಬ್ಬಿಗೆ ಒಟ್ಟು 0.4 ಮಿಲಿಗ್ರಾಂ ಟಿಎಚ್‌ಸಿ ಎಂಬ ಮಿತಿ ಹಾಕಿ, ಅದು ಒಂದು ವರ್ಷದ ನಂತರ ಜಾರಿಗೆ ಬರಬೇಕೆಂದಿತು.

ನಮ್ಮ ದೇಶದ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರ 2021ರ ನವೆಂಬರಿನಲ್ಲಿ ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟುಗಳನ್ನು ಆಹಾರವೆಂದು ಒಪ್ಪಿಕೊಂಡಿತು. ಬೀಜದಲ್ಲೂ ಎಣ್ಣೆಯಲ್ಲೂ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ ಮೀರುವಂತಿಲ್ಲ. ಶೇ. 0.3 ಎಂದರೆ ಕಿಲೋಗೆ 3,000 ಮಿಲಿಗ್ರಾಂ. ಎರಡಕ್ಕೂ 600 ಪಟ್ಟು ಅಂತರ. ಬೀಜದ ಎಣ್ಣೆ ಶೇಂಗಾ ಎಣ್ಣೆಯ ಹಾಗೆ ತಿನ್ನುವ ವಸ್ತು, ಹೂವಿನ ಸತ್ವ ಔಷಧದ ವಸ್ತು. ಒಂದೇ ಎಲೆಯ ಚಿತ್ರ ಎರಡರ ಮೇಲೂ ಇರುವುದರಿಂದ ಕೊಳ್ಳುವವರು ಏಮಾರುತ್ತಾರೆ.

ಲೇಬಲ್ಲಿನಲ್ಲಿ ಬರೆದದ್ದೇ ಸೀಸೆಯೊಳಗಿದ್ದರೆ ಈ ಲೆಕ್ಕ. ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಮಾರುತ್ತಿದ್ದ 84 ಸಿಬಿಡಿ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದ ವರದಿ 2017ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಹೇಳಿದಷ್ಟೇ ಸತ್ವ ಇದ್ದದ್ದು ನೂರಕ್ಕೆ 31ರಲ್ಲಿ, 84ರ ಪೈಕಿ 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಇನ್ನು ಈ ಕುಟುಂಬದ ಹೊಸ ದಾಯಾದಿಗಳ ಮಾತು ಬೇರೆಯೇ. ಟಿಎಚ್‌ಸಿಗೆ ಎರಡು ಹೈಡ್ರೋಜನ್ ಸೇರಿಸಿ 32 ಮಾಡಿದರೆ ಎಚ್‌ಎಚ್‌ಸಿ. ಯುರೋಪಿನ ಅಂಗಡಿಗಳಲ್ಲಿ ಇದೂ ‘ಹೆಂಪ್‌ನದ್ದು’ ಎಂದೇ ಮಾರಾಟವಾಯಿತು, 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ನಿಯಂತ್ರಿತ ಪಟ್ಟಿಗೆ ಸೇರಿಸಿತು. ನಾಲ್ಕು ಕಳೆದರೆ ನಿದ್ದೆ ಮಿಠಾಯಿ, ಎರಡು ಕೂಡಿಸಿದರೆ ನಿಷೇಧ. ಗಿಡ ಮಾತ್ರ ಅದೇ.

ದೊಡ್ಡಮ್ಮನ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ ಯಕೃತ್ತಿನದು. ನುಂಗಿದ ಔಷಧಿಗಳನ್ನು ಒಡೆದು ಹೊರಹಾಕುವ ಕಿಣ್ವಗಳ ಸಾಲು ಅಲ್ಲಿದೆ. ವಾರ್ಫರಿನ್ನನ್ನು ಮುಖ್ಯವಾಗಿ ಒಡೆಯುವ ಕಿಣ್ವಕ್ಕೆ ಸಿವೈಪಿ2ಸಿ9 ಎಂದು ಹೆಸರು. ಜಪಾನಿನ ಸಂಶೋಧಕರು 2012ರಲ್ಲಿ ಪ್ರಯೋಗಾಲಯದ ಕೊಳವೆಗಳಲ್ಲಿ ನೋಡಿದಾಗ ಟಿಎಚ್‌ಸಿ, ಸಿಬಿಡಿ, ಸಿಬಿಎನ್ ಮೂರೂ ಆ ಕಿಣ್ವದ ಕೈ ಹಿಡಿದು ನಿಲ್ಲಿಸಿದವು. ಒಡೆಯುವ ಕೆಲಸ ನಿಧಾನವಾದರೆ ರಕ್ತದಲ್ಲಿ ವಾರ್ಫರಿನ್ ಏರುತ್ತದೆ. ಸಿಬಿಡಿ ತೆಗೆದುಕೊಂಡ ವಾರ್ಫರಿನ್ ರೋಗಿಗಳಲ್ಲಿ ಐಎನ್‌ಆರ್ ಏರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಐಎನ್‌ಆರ್ ಅತಿಯಾದರೆ ಹಲ್ಲುಜ್ಜುವಾಗ ಒಸಡಿನಿಂದ ಶುರುವಾದ ರಕ್ತ ನಿಲ್ಲದೆ ಹೋಗಬಹುದು, ಮಿದುಳಿನಲ್ಲೂ ಸೋರಬಹುದು.

ಇಲ್ಲಿ ಪುಂಡಿ ಸೊಪ್ಪನ್ನು ನೆನಪಿಸಿಕೊಳ್ಳಿ. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಎದುರಾಳಿ. ಅದಕ್ಕೇ ದೊಡ್ಡಮ್ಮನ ಡಾಕ್ಟರು ಮೊದಲ ದಿನವೇ ಹೇಳಿದ್ದರು: “ಸೊಪ್ಪು ಬಿಡಬ್ಯಾಡ್ರಮ್ಮ, ಆದ್ರೆ ವಾರಕ್ಕೆ ಎಷ್ಟು ತಿಂತೀರೋ ಅಷ್ಟೇ ತಿನ್ರಿ.” ಆವತ್ತಿನಿಂದ ದೊಡ್ಡಮ್ಮನ ಮನೆಯಲ್ಲಿ ಪುಂಡಿ ಪಲ್ಯ ವಾರಕ್ಕೆ ಎರಡೇ ಸಲ. ದಾಸವಾಳದ ಕುಲದ ಒಂದು ಬಡಪಾಯಿ ಸೊಪ್ಪಿಗೇ ಇಷ್ಟು ಅಳತೆ ಇರುವಾಗ, ಕಿಣ್ವದ ಕೈ ಹಿಡಿಯುವ ಅಣುವಿಗೆ ‘ಗಿಡದ್ದು’ ಎಂಬ ಒಂದೇ ಮಾತಿನ ಮೇಲೆ ಬಾಗಿಲು ತೆಗೆಯುವುದು ಹೇಗೆ?

ಅಳತೆ ಮಾಡಿ ನೋಡಿದ ಕ್ಯಾನಬಿನಾಯ್ಡ್ ಇಲ್ಲವೆಂದಲ್ಲ. ಮಕ್ಕಳಲ್ಲಿ ಬರುವ ಎರಡು ಬಗೆಯ ಕಠಿಣ ಅಪಸ್ಮಾರಕ್ಕೆ ಶುದ್ಧ ಸಿಬಿಡಿಯನ್ನು ಅಮೆರಿಕದ ಔಷಧ ಆಡಳಿತ 2018ರಲ್ಲಿ ಒಪ್ಪಿತು. ಒಪ್ಪುವ ಮೊದಲು ನೂರಾರು ರೋಗಿಗಳ ಮೇಲೆ ಪರೀಕ್ಷೆಗಳು ನಡೆದಿದ್ದವು, ಆದ್ದರಿಂದಲೇ ರಕ್ತದಲ್ಲಿ ಯಕೃತ್ತಿನ ಕಿಣ್ವ ಏರುವುದು, ವ್ಯಾಲ್ಪ್ರೋಯೇಟ್ ಎಂಬ ಇನ್ನೊಂದು ಅಪಸ್ಮಾರದ ಔಷಧದ ಜೊತೆ ಕೊಟ್ಟರೆ ಇನ್ನೂ ಏರುವುದು ಗೊತ್ತಾಗಿ, ರಕ್ತ ಪರೀಕ್ಷೆ ಮಾಡಿಸುತ್ತಲೇ ಕೊಡಬೇಕೆಂಬ ಷರತ್ತು ಬಂತು. ಅಂಥ ಪರೀಕ್ಷೆಗಳ ಸಾಲು ಸಿಬಿಎನ್‌ನ ಹಿಂದೆ ಇಲ್ಲ. ಅದರಿಂದ ಅಡ್ಡಪರಿಣಾಮದ ವರದಿ ಕಡಿಮೆ ಎಂದು ಮಾರುವವರು ಹೇಳುವುದು ನಿಜವೇ. ಗೇಟು ತೆರೆಯದ ಟೋಲ್‌ನಲ್ಲಿ ಎಷ್ಟು ವಾಹನ ಹಾದುಹೋದವು ಎಂದು ಎಣಿಸಿದ ಹಾಗೆ ಅದು.

ಮನೆಯಲ್ಲಿ ಮಕ್ಕಳಿದ್ದರೆ ಮಿಠಾಯಿ ರೂಪವೇ ಅಪಾಯ. ಅಮೆರಿಕದಲ್ಲಿ ಆರು ವರ್ಷದೊಳಗಿನ ಮಕ್ಕಳು ಗಾಂಜಾ ತಿನಿಸುಗಳನ್ನು ಗೊತ್ತಿಲ್ಲದೆ ತಿಂದ ಪ್ರಕರಣಗಳು 2017ರಲ್ಲಿ 207 ಇದ್ದವು, 2021ರಲ್ಲಿ 3,054. ಇದಲ್ಲದೆ ಮೂತ್ರದ ಮಾದಕ ಪರೀಕ್ಷೆಯ ಕೆಲವು ಕಿಟ್‌ಗಳು ಸಿಬಿಎನ್ ಕಂಡರೂ ‘ಪಾಸಿಟಿವ್’ ತೋರಿಸುತ್ತವೆ. ಕೆಲಸಕ್ಕೆ ಸೇರುವ ಹುಡುಗರಿಗೆ ಈ ಮಾತು.

ಉಳಿದದ್ದು ನಮ್ಮ ದೇಶದ ಕಾನೂನು. 1985ರ ಮಾದಕ ವಸ್ತು ಕಾಯ್ದೆ ಅಣುವಿಗಿಂತ ಮೊದಲು ಗಿಡದ ಭಾಗ ನೋಡುತ್ತದೆ. ಹೂವಿನ ತುದಿ ಗಾಂಜಾ, ಅಂಟು ಚರಸ್, ಎರಡೂ ನಿಷಿದ್ಧ. ಹೂವಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ, ಭಾಂಗ್ ಈ ಕಾಯ್ದೆಯಡಿ ನಿಷಿದ್ಧವೆಂದು ತೋರಿಸುವಂಥದ್ದೇನೂ ಮುಂದಿಲ್ಲ ಎಂದದ್ದು ಈ ವ್ಯಾಖ್ಯೆಯ ಮೇಲೆಯೇ. ಆಯುರ್ವೇದದಲ್ಲಿ ‘ವಿಜಯಾ’ ಎಂಬ ಹೆಸರಿನಲ್ಲಿ ಬರುವ ಈ ಗಿಡದ ಔಷಧಗಳೂ ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿವೆ. ಆದರೆ ಟಿಎಚ್‌ಸಿ ಬೆರೆತ ಮಿಠಾಯಿ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ‘ಅಲ್ಲಿ ಅಂಗಡಿಯಲ್ಲೇ ಮಾರ್ತಾರೆ’ ಎಂಬ ಮಾತು ನಡೆಯದು. ನಿಷಿದ್ಧ ವಸ್ತು ಬೇರೆಯದರಲ್ಲಿ ಬೆರೆತಿದ್ದರೆ ಇಡೀ ಮಿಶ್ರಣದ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಲ್ಲಿ ಹೇಳಿದೆ. ಸೀಸೆಯಲ್ಲಿರಬಹುದಾದ ಟಿಎಚ್‌ಸಿ ಹೆಚ್ಚೆಂದರೆ 360 ಮಿಲಿಗ್ರಾಂ. ತಕ್ಕಡಿಗೆ ಏರುವುದು ಸಕ್ಕರೆ, ಜಿಲಾಟಿನ್ ಎಲ್ಲ ಸೇರಿ 120 ಗ್ರಾಂ.

ಹಾಳೆ ಮಡಿಚಿ ಹುಡುಗನಿಗೆ ಮೆಸೇಜು ಹಾಕಿದೆ: ‘ತರಬೇಡ. ಕಾರಣ ಬಂದಾಗ ಹೇಳ್ತೀನಿ. ಅಜ್ಜಿಗೆ ಬಾದಾಮಿ ತಾ.’

ದೊಡ್ಡಮ್ಮನಿಗೆ ಫೋನ್ ಮಾಡಿದಾಗ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. “ಹಂಗಾದ್ರೆ ನನ್ ನಿದ್ದೆ?” ಎಂದರು. ಆಗ ನನಗೆ ಹೊಳೆಯಿತು, ಇಷ್ಟು ಹೊತ್ತು ಸೀಸೆಯನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನೂ ದೊಡ್ಡಮ್ಮನನ್ನು ಕೇಳಿರಲಿಲ್ಲ.

“ನಿದ್ದೆ ಹತ್ತೋದೇ ಇಲ್ವಾ, ಹತ್ತಿ ಎಚ್ಚರ ಆಗುತ್ತಾ?”

“ಮಲಗಿದ ಕೂಡ್ಲೇ ಹತ್ತುತ್ತಪ್ಪ. ಮೂರು ಸಲ, ನಾಲ್ಕು ಸಲ ಏಳ್ತೀನಿ. ಬಚ್ಚಲಿಗೆ ಹೋಗಿ ಬಂದ್ ಮೇಲೆ ಹತ್ತಲ್ಲ.”

“ನೀರಿನ ಗುಳಿಗೆ ಯಾವಾಗ ತಗೋತೀರಿ?”

“ರಾತ್ರಿ ಉಂಡ್ ಮೇಲೆ. ಬೆಳಿಗ್ಗೆ ಮರ್ತೋಗುತ್ತೆ ಅಂತ ಎಲ್ಲಾ ಒಟ್ಟಿಗೇ ನುಂಗ್ತೀನಿ.”

ಮುಂದಿನ ತಿಂಗಳು ದಾವಣಗೆರೆಗೆ ಬಂದಾಗ ಐಎನ್‌ಆರ್ ಚೀಟಿಯ ಜೊತೆ ಇದನ್ನೂ ಡಾಕ್ಟರ ಮುಂದೆ ಇಟ್ಟೆವು. ಅವರು ಗುಳಿಗೆ ಬದಲಿಸಲಿಲ್ಲ, ಹೊತ್ತು ಬದಲಿಸಿದರು. ನೀರಿನ ಗುಳಿಗೆ ಬೆಳಗಿನ ತಿಂಡಿಯ ನಂತರ.

ಹದಿನೈದು ದಿನ ಬಿಟ್ಟು ಫೋನು ಬಂತು, ಈ ಸಲ ಏಳೂವರೆಗೆ. “ಈಗ ಒಂದೇ ಸಲ ಏಳ್ತೀನಿ ಕಣಪ್ಪ” ಎಂದರು. ಹೌದಾ ಎಂದು ನಾನು ರಾಗ ಎಳೆದದ್ದಕ್ಕೆ ಗದರಿದರು: “ಅಂತೆ ಗಿಂತೆ ಅಲ್ಲ. ನಾನೇ ಎಣಿಸೀನಿ.”